ತೋಪು ಗುಡಿಸಿದ ಶಿಷ್ಯ

ಹೊಳೆದಂಡೆಯ ಮಠಕ್ಕೊಂದು ಹಿಪ್ಪೆ ತೋಪಿತ್ತು. ಅದರ ಬೀಜದ ಎಣ್ಣೆಯಿಂದಲೇ ಮಠದ ದೀಪ. ತೋಪಿನ ಹೊಣೆ ಶಿಷ್ಯ ಕರಿಬಸವನದು.

ಮುಂಗಾರಿಗೆ ಮುಂಚಿನ ಗಾಳಿಗೆ ಒಂದು ಮರ ಉರುಳಿತು. ಮಠದ ವಹಿವಾಟು ನೋಡುವ ರುದ್ರೇಗೌಡ ಬಂದು ತೋಪು ಸುತ್ತಿದ.

"ಎಲ್ಲ ಮುದಿಮರ. ಎಳೆಯದು ಒಂದಿಲ್ಲ. ಈ ಮಳೆಗಾಲದಲ್ಲಿ ಸಸಿ ತೋರಿಸು ಕರಿಬಸವ, ಇಲ್ಲ ಕಡಿದು ನೀಲಗಿರಿ ಹಾಕೋದೇ."

ಕರಿಬಸವ ಗುರು ಶಾಂತವೀರಯ್ಯನವರ ಬಳಿಗೆ ಓಡಿದ.

"ಬುದ್ಧಿ, ತೋಪು ನನ್ನ ಕೈಯಲ್ಲೇ ಮುಗಿಯುತ್ತದೆ. ಏನು ಕಮ್ಮಿ ಮಾಡಿದ್ದೇನೆ? ವರ್ಷವೂ ತರಗೆಲೆ ಸುಡುತ್ತೇನೆ. ನೆಲ ಗುಡಿಸಿ ಅಂಗಳದ ಹಾಗೆ ಇಟ್ಟಿದ್ದೇನೆ."

"ಬೀಜ?"

"ಒಂದೂ ಪೋಲಾಗಿಲ್ಲ. ಎಲ್ಲ ಗಾಣಕ್ಕೆ."

"ಭೇಷ್," ಎಂದು ಗುರುಗಳು ಕೋಲು ಹಿಡಿದು ಎದ್ದರು.

ತೋಪಿನಾಚೆ ಕಾರೆ ಮುಳ್ಳಿನ ಪೊದೆ. ಅದರೊಳಗೆ ಸೊಂಟದೆತ್ತರದ ಹಿಪ್ಪೆ ಸಸಿ.

"ಇದನ್ನು ನೆಟ್ಟವರು ಯಾರು?"

"ಬಾವಲಿ ಹಣ್ಣು ತಿಂದು ಬೀಜ ಉದುರಿಸಿರಬೇಕು. ಪಾಪ, ಮುಳ್ಳಲ್ಲಿ ಸಿಕ್ಕಿಕೊಂಡಿದೆ."

ಕರಿಬಸವ ಮಚ್ಚು ತಂದು ಪೊದೆಯನ್ನು ಪೂರ್ತಿ ಸವರಿದ. ಗುರುಗಳು ನೋಡುತ್ತ ನಿಂತರು.

ಸಂಜೆಗೆ ಸಸಿಯಿದ್ದಲ್ಲಿ ಒಂದು ಮೋಟು ಕಡ್ಡಿ. ಪಕ್ಕದಲ್ಲಿ ಮೇಕೆ ಇನ್ನೂ ಬಾಯಾಡಿಸುತ್ತಿತ್ತು.

"ಬುದ್ಧಿ, ಕಂಡೂ ಸುಮ್ಮನಿದ್ದಿರಲ್ಲ!"

"ನಾನು ಹೇಳಿದ್ದರೆ ನೀನು ಹೂಂ ಅನ್ನುತ್ತಿದ್ದೆ, ಮರಿ. ನಾಳೆಗೆ ಮರೆಯುತ್ತಿದ್ದೆ. ಕಾವಲುಗಾರನನ್ನು ನೀನೇ ಕಡಿದದ್ದು ಇನ್ನು ಮರೆಯುವುದಿಲ್ಲ."

ಮರುದಿನ ಆಳುಗಳು ಸೌದೆಗೆಂದು ಬಿದ್ದ ಮರದತ್ತ ಬಂದರು. ಅದು ಉರುಳಿದ ಕಡೆ ಬಿಸಿಲು ನೆಲ ಮುಟ್ಟಿತ್ತು. ಕರಿಬಸವ ಅಡ್ಡ ನಿಂತ.

"ರೆಂಬೆ ಕೊಂಬೆ ಇಲ್ಲೇ ಬಿದ್ದಿರಲಿ. ಮೇಕೆ ಒಳಗೆ ಬರಬಾರದು."

ಆ ವರ್ಷ ಅವನು ಎಲೆ ಸುಡಲಿಲ್ಲ, ಬೀಜ ಆಯಲಿಲ್ಲ.

"ಪೊರಕೆ ತೆಗೆದುಕೊಳ್ಳಲೂ ಗತಿಯಿಲ್ಲವೇನಪ್ಪಾ ಮಠಕ್ಕೆ?" ಎಂದು ರುದ್ರೇಗೌಡ ನಕ್ಕ.

ಮಳೆ ಹಿಡಿಯಿತು. ಒಣಗಿದ ಕೊಂಬೆಗಳ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಸಸಿ ತಲೆಯೆತ್ತಿತು. ರುದ್ರೇಗೌಡ ಬಗ್ಗಿ ನೋಡಿದ.

"ಸರಿ ಬಿಡು, ಕೊಡಲಿ ಹಾಕಿಸೋಲ್ಲ. ಆದರೆ ಈ ನಾಲ್ಕು ಸಸಿಗಾಗಿ ಅಷ್ಟೂ ಬೀಜ ಹುಳ ತಿಂದು, ಅಳಿಲು ತಿಂದು ಮಣ್ಣುಪಾಲಾಯಿತಲ್ಲ!"

ಮಾತು ಕರಿಬಸವನಿಗೆ ಚುಚ್ಚಿತು. ತೋಪಿನಲ್ಲಿ ಉಳಿದಿದ್ದ ಒಂದು ಹಿಡಿ ಬೀಜ ತಂದು ಗುರುಗಳ ಮುಂದೆ ಇಟ್ಟ.

"ಇದರಲ್ಲಿ ಮರವಾಗುವ ಬೀಜ ಯಾವುದು, ಬುದ್ಧಿ?"

"ಅದು ಗೊತ್ತಿದ್ದಿದ್ದರೆ, ಉಳಿದದ್ದನ್ನೆಲ್ಲ ನಾನೇ ಗಾಣಕ್ಕೆ ಹೊರುತ್ತಿದ್ದೆ."