ಶಾಲೆಯ ತುಂಬ ನೀಲವ್ವ

ಒಂದಾನೊಂದು ಊರಿನಲ್ಲಿ ಒಂದು ಶಾಲೆ ಇತ್ತು. ಶಾಲೆಗೆ ಬಾಗಿಲಿತ್ತು, ಬಾಗಿಲಿಗೆ ಕಣ್ಣಿರಲಿಲ್ಲ. ಆ ದೇಶದ ರಾಜ ಮುಖಮಲ್ಲನಿಗೆ ಅದೇ ಕೊರಗು. ಯಾವ ಮಗು ಬಂತು, ಯಾವುದು ಬರಲಿಲ್ಲ ಎಂದು ಯೋಚಿಸಿ ಯೋಚಿಸಿ ಸೊರಗಿಹೋಗಿದ್ದ. ಕೊನೆಗೆ ಬಾಗಿಲ ಮೇಲೊಂದು ಮಾತಾಡುವ ಕ್ಯಾಮೆರಾ ಕೂರಿಸಿದ. ಅದು ಮೊದಲ ದಿನ ಎಲ್ಲ ಮಕ್ಕಳ ಮುಖ ನೋಡಿಟ್ಟುಕೊಂಡಿತು. ಆಮೇಲೆ ಗುರುತು ಹತ್ತಿದವರಿಗಷ್ಟೇ ಬಾಗಿಲು ತೆರೆಯಿತು.

ನೀಲವ್ವ ಎಂಬ ಹುಡುಗಿಗೆ ಮುಖ ತೋರಿಸುವ ಹೊತ್ತಿಗೇ ಸೀನು ಬಂದಿತ್ತು. ಮರುದಿನ ಸುಮ್ಮನೆ ಬಂದು ನಿಂತಳು.

"ಯಾರು ನೀನು?" ಎಂದಿತು ಕ್ಯಾಮೆರಾ.

"ನೀಲವ್ವ."

"ಸುಳ್ಳು. ನೀಲವ್ವನ ಕಣ್ಣು ಮುಚ್ಚಿರುತ್ತೆ, ಮೂಗು ಹಣೆಗೆ ಹತ್ತಿರುತ್ತೆ, ಬಾಯಿ ಕಿವಿಯವರೆಗೂ ಇರುತ್ತೆ."

ನೀಲವ್ವ ಅಳುತ್ತ ಮನೆಗೆ ಹೋದಳು. ಅಜ್ಜಿ ಕರಿಮೆಣಸಿನ ಪುಡಿ ಪೊಟ್ಟಣ ಕಟ್ಟಿಕೊಟ್ಟಳು. ಅಂದಿನಿಂದ ನೀಲವ್ವ ಬಾಗಿಲಲ್ಲಿ ಪುಡಿ ಮೂಸುವಳು, ಸೀನುವಳು, ಒಳಗೆ ಹೋಗುವಳು.

ಅಷ್ಟರಲ್ಲಿ ಒಬ್ಬನಿಗೆ ಹಲ್ಲು ಬಿತ್ತು, ಒಬ್ಬಳಿಗೆ ಕೆನ್ನೆ ಊದಿತು, ಇನ್ನೊಬ್ಬನ ತಲೆ ಬೋಳಾಯಿತು. ಯಾರ ಗುರುತೂ ಹತ್ತಲಿಲ್ಲ. ಪಾಪ ಎಂದು ನೀಲವ್ವ ಎಲ್ಲರಿಗೂ ಪುಡಿ ಹಂಚಿದಳು. ಸೀನುವಾಗ ಎಲ್ಲರ ಮುಖವೂ ಒಂದೇ. ಕ್ಯಾಮೆರಾ ಒಬ್ಬೊಬ್ಬರನ್ನೂ ನೋಡಿ, ನೀಲವ್ವ ಬಂದಳು, ನೀಲವ್ವ ಬಂದಳು ಎಂದು ರಾಜನಿಗೆ ಸುದ್ದಿ ಕಳಿಸಿತು.

ರಾಜ ತಲೆ ಓಡಿಸಿದ. ಶಾಲೆಗೆ ಬರುವವಳು ನೀಲವ್ವ ಒಬ್ಬಳೇ. ಒಬ್ಬಳಿಗೆ ಒಂದು ತಟ್ಟೆ ಅನ್ನ ಸಾಕು.

ಮಧ್ಯಾಹ್ನ ಆ ಒಂದು ತಟ್ಟೆ ಕೈಯಿಂದ ಕೈಗೆ ಹೋಯಿತು. ನೀಲವ್ವನ ಹತ್ತಿರ ಬರುವಾಗ ಅದರಲ್ಲಿ ಅನ್ನವಿರಲಿಲ್ಲ, ಹೊಳಪಷ್ಟೇ ಇತ್ತು. ಚಿಕ್ಕ ಮಕ್ಕಳು ಬೆರಳು ಚೀಪುತ್ತಿದ್ದವು. ತನ್ನ ಹೆಸರಿನಿಂದಲೇ ಇಷ್ಟು ಜನ ಉಪವಾಸವೆಂದು ಅವಳಿಗೆ ಹೊಟ್ಟೆಗಿಂತ ಎದೆ ಉರಿಯಿತು. ತಟ್ಟೆ ಹಿಡಿದೇ ಬಾಗಿಲಿಗೆ ಹೋದಳು.

"ಇವರು ಯಾರೂ ನಾನಲ್ಲ," ಎಂದಳು.

"ನೀನೂ ನೀನಲ್ಲ. ನೀಲವ್ವನನ್ನು ನನಗಿಂತ ಚೆನ್ನಾಗಿ ಬಲ್ಲೆಯಾ?"

ನೀಲವ್ವ ಉಳಿದ ಪುಡಿಯನ್ನು ಅದರ ಮುಖಕ್ಕೆ ಊದಿ ತಟ್ಟೆ ಎತ್ತಿ ಹಿಡಿದಳು. ಕ್ಯಾಮೆರಾ ಸೀನಿತು. ಸೀನುತ್ತ ತಟ್ಟೆಯಲ್ಲಿ ತನ್ನನ್ನೇ ಕಂಡಿತು.

"ನೀಲವ್ವ ಬಂದಳು," ಎಂದಿತು.

ಬಂದವರು ಒಳಗೆ ಕೂರಬೇಕೆಂಬುದು ರಾಜಾಜ್ಞೆ. ಕ್ಯಾಮೆರಾ ಗೋಡೆಯಿಂದಿಳಿದು ತರಗತಿಗೆ ಹೋಯಿತು. ಮಾಸ್ತರು ಮಗ್ಗಿ ಕೇಳಿದರು. ಅದಕ್ಕೆ ಬರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದರು.

ಬಾಗಿಲಲ್ಲಿ ಯಾರೂ ಇಲ್ಲ, ಸುದ್ದಿಯೂ ಇಲ್ಲ. ರಾಜ ತಾನೇ ಓಡಿಬಂದು ಹೊಸಿಲ ಮೇಲೆ ಕುಳಿತ. ಅವನಿಗೆ ಯಾರ ಮುಖವೂ ಗೊತ್ತಿಲ್ಲ. ಹಾಗಾಗಿ ಒಬ್ಬೊಬ್ಬರ ಹೆಸರು ಕೇಳಬೇಕಾಯಿತು. ಕೇಳಿದಷ್ಟು ಹೆಸರಿಗೆ ಅಷ್ಟು ತಟ್ಟೆ ಬಡಿಸಬೇಕಾಯಿತು.

ಅವರೆಲ್ಲ ಅಲ್ಲಿ ಉಂಡು ಮಗ್ಗಿ ಒಪ್ಪಿಸುತ್ತಿದ್ದಾರೆ, ನಾವು ಇಲ್ಲಿ ಕತೆ ಮುಗಿಸಿ ಏಳುತ್ತಿದ್ದೇವೆ. ಇದರ ನೀತಿ ಏನೆಂದರೆ, ನಾಳೆ ಬೆಳಿಗ್ಗೆ ಮುಖ ತೊಳೆಯುವ ಮೊದಲು ಅದು ಯಾರದ್ದೆಂದು ಒಮ್ಮೆ ಕೇಳಿಕೊಳ್ಳಿ.