ಕಂಬದ ಹಿಂದಿನ ನೆರಳು

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ಗುರುಗಳನ್ನು ಎಲ್ಲರೂ ಅಪ್ಪಾರು ಎಂದೇ ಕರೆಯುತ್ತಿದ್ದರು. ಕಾವಿ ಉಡುವ ಮೊದಲು ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ಮನೆಮಠ ಎಲ್ಲ ಬಿಟ್ಟು ಬಂದರೂ ತಮ್ಮ ಹಳೆಯ ಸೂಕ್ಷ್ಮದರ್ಶಕವನ್ನು ಮಾತ್ರ ಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ ಶಿಷ್ಯ ಚನ್ನವೀರ ಬಟ್ಟೆಯ ಗಂಟು ಹಿಡಿದುಕೊಂಡು ಅವರ ಮುಂದೆ ಬಂದು ನಿಂತ.

"ಊರಿಗೆ ಹೊಂಟೇನ್ರಿ ಅಪ್ಪಾರ. ಅಪ್ಪಣೆ ಕೊಡ್ರಿ."

"ಯಾಕಪಾ?"

ಚನ್ನವೀರ ಗಂಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಬಂದ ಹೊಸತರಲ್ಲಿ ಸಂಜೆಯ ಪ್ರವಚನಕ್ಕೆ ಎಲ್ಲರಿಗಿಂತ ಮೊದಲು ಬಂದು ಅಪ್ಪಾರ ಎದುರಿಗೇ ಕೂರುತ್ತಿದ್ದವನು ಅವನು. ಇತ್ತೀಚೆಗೆ ಏನಾಗಿತ್ತೋ, ಅವರ ಮಾತು ಹರಿತವಾದರೆ ಸಾಕು, ಮೆಲ್ಲಗೆ ಎದ್ದು ಕಂಬದ ಹಿಂದೆ ಸರಿದುಬಿಡುತ್ತಿದ್ದ. ಆಮೇಲೆ ನಾಚಿಕೆಯಿಂದ ಕುಗ್ಗಿಹೋಗುತ್ತಿದ್ದ. ಗುರುಗಳು ನೋಡಿಲ್ಲ ಎಂಬುದೊಂದೇ ಅವನಿಗಿದ್ದ ಸಮಾಧಾನ. ಅಷ್ಟು ದೊಡ್ಡ ಆಳು ಅಷ್ಟು ಸಣ್ಣ ಕಂಬದ ಹಿಂದೆ ಕೂತರೆ ಯಾರಿಗೂ ಕಾಣುವುದಿಲ್ಲ ಎಂದು ನಂಬಿಕೊಂಡಿದ್ದ, ಪುಣ್ಯಾತ್ಮ!

"ನಾ ಶಿಷ್ಯ ಆಗಾಕ ಲಾಯಕ್ಕಿಲ್ರಿ," ಎಂದ. "ಬೆಳಕು ಬೇಕಂತ ನಿಮ್ಮ ಕಡೆ ಬಂದೆ. ಈಗ ನೀವು ಮಾತಾಡಾಕ ಹತ್ತಿದ್ರ ಮೈ ಸುಟ್ಟಂಗ ಆಗತೈತಿ. ತಪ್ಪಿಸ್ಕೊಂಡು ಹೋಗಬೇಕು ಅನಸ್ತೈತಿ. ಇಂಥಾಂವಗ ಯಾಕ ಬೇಕ್ರಿ ಆಶ್ರಮ?"

ಅಪ್ಪಾರು ಬೈಯಲಿಲ್ಲ. ಇರು ಎಂದೂ ಹೇಳಲಿಲ್ಲ.

"ಹೋಗುವಂತಿ. ಮೊದಲು ಹೊಳಿಯಾಗಿಂದ ನೀರಗಿಡದ ಎಲಿ ಒಂದು ತಾ. ನೆರಳಾಗಿಂದು ಬ್ಯಾಡ. ಬಿಸಲಾಗ ಇದ್ದದ್ದು ತಾ."

ಹೊರಟು ನಿಂತವನಿಗೆ ಇದೆಂಥ ಕೆಲಸ ಎಂದು ಚನ್ನವೀರನಿಗೆ ಒಳಗೊಳಗೇ ಸಿಟ್ಟು ಬಂತು. ಆದರೂ ಸುಡುವ ಮರಳಿನಲ್ಲಿ ಓಡುತ್ತಾ ಹೋಗಿ ತೆಳ್ಳನೆಯ ಎಲೆಯೊಂದನ್ನು ತಂದ.

ಅಪ್ಪಾರು ಅದನ್ನು ಗಾಜಿನ ಮೇಲಿಟ್ಟು, ಒಂದು ಹನಿ ನೀರು ಬಿಟ್ಟು, ಸೂಕ್ಷ್ಮದರ್ಶಕದ ಕೆಳಗೆ ಸರಿಸಿದರು.

"ಏನು ಕಾಣಸ್ತೈತಿ?"

"ಇಟ್ಟಿಗಿ ಜೋಡಿಸಿದಂಗ ಖೋಲಿ ಅದಾವ್ರಿ."

"ಒಂದೊಂದು ಖೋಲೀನೂ ಒಂದೊಂದು ಜೀವಕೋಶ. ಗ್ವಾಡಿ ಹೆಂಗೈತಿ?"

"ಗಾಜಿನಂಗ ಐತ್ರಿ."

"ಬೆಳಕು ಒಳಗ ಬರಬೇಕಲ್ಲ, ಅದಕ್ಕ. ನಡುವ?"

"ನಡುವ ಏನೂ ಇಲ್ರಿ. ಖಾಲಿ."

"ಖಾಲಿ ಅಲ್ಲಪಾ, ನೀರಿನ ಚೀಲ ಅದು. ಉಬ್ಬಿಕೊಂಡು ಉಳಿದದ್ದನ್ನೆಲ್ಲಾ ಗ್ವಾಡಿಗೆ ಸರಿಸೈತಿ. ಕಾಳಿನಂಗ ಹಸರು ಚುಕ್ಕಿ ಕಾಣತಾವಲ್ಲ, ಅವು ಎಲ್ಲಿ ಅದಾವು?"

ಚನ್ನವೀರ ಒಂದು ಕಣ್ಣು ಮುಚ್ಚಿ ಹುಡುಕಿದ. "ಬಾಜೂ ಗ್ವಾಡಿಗೆ ಅಂಟ್ಕೊಂಡಾವ್ರಿ. ಒಂದರ ಹಿಂದ ಒಂದು."

"ಗಿಡದ ಅಡಗಿ ಮಾಡೂವು ಅವ. ನೀರು, ಗಾಳಿ, ಬೆಳಕು ಕೂಡಿಸಿ ಸಕ್ಕರಿ ಮಾಡತಾವು. ಬೆಳಕು ಇಲ್ಲಂದ್ರ ಅವಕ್ಕ ಕೆಲಸಿಲ್ಲ."

"ಮತ್ತ ಬೆಳಕಿಂದ ತಪ್ಪಿಸ್ಕೊಂಡು ಹಿಂಗ್ಯಾಕ ಕುಂತಾವ್ರಿ?"

ಕೇಳಿದ ಮೇಲೆ ಅವನ ಕಿವಿ ಬಿಸಿಯಾಯಿತು.

ಅಪ್ಪಾರು ಎಲೆಯನ್ನು ನೀರಿನ ಬಟ್ಟಲಿಗೆ ಹಾಕಿ, ಜಗುಲಿಯ ನೆರಳಿನಲ್ಲಿಟ್ಟು, "ಉಂಡು ಬಾ" ಎಂದರು.

ಚನ್ನವೀರ ಅರ್ಧ ರೊಟ್ಟಿಗೇ ಎದ್ದುಬಂದ. ಗಂಟನ್ನು ಮಗ್ಗುಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತ. ಬಿಸಿಲು ಇಳಿಯುವ ಹೊತ್ತಿಗೆ ಅಪ್ಪಾರು ಕರೆದರು. ಸೂಕ್ಷ್ಮದರ್ಶಕದ ಕೆಳಗೆ ಮತ್ತೆ ಅದೇ ಎಲೆ ಇತ್ತು.

"ಈಗ ನೋಡು."

ಬಗ್ಗಿದವನು ತಲೆ ಎತ್ತಲೇ ಇಲ್ಲ. ಬದಿಯ ಗೋಡೆಗೆ ಅಂಟಿಕೊಂಡಿದ್ದ ಹಸಿರು ಕಾಳುಗಳು ಮುಂದೆ ಬಂದು, ಬೆಳಕಿಗೆ ಮುಖ ಮಾಡಿ ಹರಡಿಕೊಂಡಿದ್ದವು.

"ಹೊಳ್ಳಿ ಬಂದಾವ್ರಿ ಅಪ್ಪಾರ!"

"ಹೋಗಿದ್ದು ಎಲ್ಲಿಗೆ? ಖೋಲಿ ಬಿಟ್ಟು ಹೋಗಿದ್ವೇನು?" ಅಪ್ಪಾರು ನಕ್ಕರು. "ಬಿಸಲು ಅತಿಯಾದ್ರ ಅವು ಸುಟ್ಟು ಹೋಗತಾವು. ಅದಕ್ಕ ಬಾಜೂ ಸರೀತಾವು, ಒಂದಕ್ಕೊಂದು ನೆರಳಾಗತಾವು. ಬೆಳಕು ಹದಕ್ಕ ಬಂದ ಮ್ಯಾಲ ಮುಂದ ಬರತಾವು. ಹಂಗ ಗ್ವಾಡಿಗುಂಟ ಸರಿದಾಡಾಕ ಆ ಖೋಲಿಯಾಗ ದಾರಿ ಐತಿ."

ಚನ್ನವೀರನಿಗೆ ಎದೆಯ ಮೇಲಿನ ಭಾರ ಇಳಿಸಿಟ್ಟಂತಾಯಿತು. ಎಷ್ಟೋ ದಿನಗಳ ಮೇಲೆ ತುಂಬು ಉಸಿರು ಎಳೆದುಕೊಂಡ. ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಎರಡನ್ನೂ ಮರೆಮಾಡಲು ಗಂಟು ಬಿಚ್ಚುತ್ತಾ ಕೂತ.

"ಹಂಗಾರ ನಾ ಇಲ್ಲೇ ಇರ್ಲೇನ್ರಿ?" ಎಂದ, ತಲೆ ತಗ್ಗಿಸಿಕೊಂಡೇ.

ಅಪ್ಪಾರು ಎಲೆಯನ್ನು ಹೊಳೆಗೆ ಬಿಡಲೆಂದು ಬಟ್ಟಲು ಎತ್ತಿಕೊಂಡರು. ಹೊಸ್ತಿಲ ಹತ್ತಿರ ತಿರುಗಿ ನಿಂತರು.

"ಸಂಜೀಕ ಆ ಕಂಬದ ಹಿಂದ ಒಂದು ಚಾಪಿ ಹಾಸ್ಕೋಪಾ. ಎಷ್ಟು ದಿನಾ ಅಂತ ಬರೇ ನೆಲದ ಮ್ಯಾಲ ಕುಂಡರತಿ?"