ಸಿ ಡ್ರೈವ್ ಹುಡುಕಿದ ಸ್ಥಾಪಕ

ಕಣ್ಣು ಕಾಣದವರಿಗೆ ಪುಸ್ತಕ ಓದಿ ಹೇಳುವ ದನಿಯೊಂದಿತ್ತು. ಅದನ್ನು ಕಂಪ್ಯೂಟರುಗಳಲ್ಲಿ ನೆಲೆಗೊಳಿಸುವುದು ಒಂದು ಸ್ಥಾಪಕ ತಂತ್ರಾಂಶದ ಕೆಲಸ. ಸ್ಥಾಪಕ ಹುಟ್ಟಿದ್ದು ವಿಂಡೋಸ್‌ನಲ್ಲಿ. ಏನನ್ನೇ ಆಗಲಿ, ಅಲ್ಲಿ ಕಡತಗಳನ್ನಿಡುವ ಮುಖ್ಯ ಜಾಗವಾದ 'ಸಿ ಡ್ರೈವ್'ನಲ್ಲೇ ಇಡಬೇಕೆಂಬುದು ಅದರ ಹಟ.

ಒಮ್ಮೆ ಅದು ವಿಂಡೋಸ್ ಬದಲು ಲಿನಕ್ಸ್ ಎಂಬ ಬೇರೆ ವ್ಯವಸ್ಥೆಯಿದ್ದ, ಗ್ರಂಥಾಲಯವೊಂದರ ಕಂಪ್ಯೂಟರಿಗೆ ಬಂತು.

"ಅಯ್ಯಾ, ನಮ್ಮಲ್ಲಿ ಸಿ ಡ್ರೈವ್ ಇಲ್ಲ. ಎಲ್ಲಿಡಬೇಕೆಂದು ಕೇಳಿದರೆ ಜಾಗ ತೋರಿಸುತ್ತೇನೆ," ಎಂದಿತು ಕಂಪ್ಯೂಟರು.

"ನಿನ್ನಂಥವರನ್ನು ಎಷ್ಟೋ ಕಂಡಿದ್ದೇನೆ. ಕೇಳಿ ಇಡುವುದು ನನ್ನ ಪದ್ಧತಿಯಲ್ಲ," ಎಂದ ಸ್ಥಾಪಕ, 'ಸಿ ಡ್ರೈವ್' ಎಂಬ ಹೆಸರಿನ ಫೋಲ್ಡರೊಂದನ್ನು ತಾನೇ ಮಾಡಿ, ದನಿಯನ್ನು ಅದರೊಳಗೆ ತುರುಕಿ, "ಕೆಲಸ ಮುಗಿಯಿತು" ಎಂದು ಸಾರಿತು.

ಮರುದಿನ ಕಣ್ಣು ಕಾಣದ ನೀಲಾಂಬಿಕೆ ಟೀಚರು ಬಂದು ಹೆಡ್‌ಫೋನ್ ಹಾಕಿಕೊಂಡರು. ಕಂಪ್ಯೂಟರು ದನಿಯನ್ನು ಹುಡುಕುವ ಜಾಗ ಬರಿದಾಗಿತ್ತು. ಒಂದೊಂದೇ ಗುಂಡಿ ಒತ್ತಿ ನೋಡಿದ ಟೀಚರು ಗ್ರಂಥಪಾಲಕರನ್ನು ಮೆಲ್ಲಗೆ ಕೇಳಿದರು: "ಏನೂ ಕೇಳಿಸುತ್ತಿಲ್ಲವಲ್ಲ. ಕಣ್ಣಿನ ಹಿಂದೆಯೇ ಕಿವಿಯೂ ಹೊರಟಿತೇನಪ್ಪಾ?"

ಸ್ಥಾಪಕಕ್ಕೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತನ್ನ ಹಟದ ತಪ್ಪನ್ನು ಆಕೆ ತಮ್ಮ ಕಿವಿಯ ಮೇಲೆ ಹೊರಿಸಿಕೊಂಡಿದ್ದರು.

"ಸ್ವಾಮಿ, ಎಲ್ಲಿಡಲಿ?" ಎಂದು ಅದು ಕಂಪ್ಯೂಟರನ್ನು ಕೇಳಿತು. ಆ ಮಾತು ಅದರ ಬಾಯಿಂದ ಬಂದದ್ದು ಅದೇ ಮೊದಲು.

ಕಂಪ್ಯೂಟರು ಗದರದೆ ಜಾಗ ತೋರಿಸಿತು. ಸ್ಥಾಪಕ ತನ್ನೊಳಗೆ ಕೊರೆದಿದ್ದ ಸಿ ಡ್ರೈವಿನ ವಿಳಾಸವನ್ನು ಅಳಿಸಿ, ದನಿಯನ್ನು ಅಲ್ಲಿಟ್ಟಿತು. ಓದು ಶುರುವಾಯಿತು. ಟೀಚರ ಮುಖ ಅರಳಿತು.

"ಇದನ್ನು ತಂದಿಟ್ಟವರ ಹೊಟ್ಟೆ ತಣ್ಣಗಿರಲಿ!"

"ನಿಮಗೇ ಹೇಳಿದ್ದು," ಎಂದಿತು ಕಂಪ್ಯೂಟರು ಸ್ಥಾಪಕಕ್ಕೆ.

ಸ್ಥಾಪಕ ತಲೆಯೆತ್ತಲಿಲ್ಲ.